ಬರಿದೆಂದು ಅಳಿಸಿದ ಸಾಲು

ಯಕ್ಷಗಾನದ ರಂಗಸ್ಥಳದಲ್ಲಿ ವೇಷಧಾರಿಯು ತನ್ನ ಕುಣಿತವನ್ನು ಇನ್ನೆರಡು ಆವರ್ತ ಬೆಳೆಸಲು ಮನಸ್ಸು ಮಾಡಿದನೆಂದರೆ ಭಾಗವತರು ಅದನ್ನು ಅವನ ಹೆಜ್ಜೆಯಲ್ಲಿಯೇ ಗ್ರಹಿಸುತ್ತಾರೆ. ಪದ್ಯದ ಅದೇ ಚರಣ ಮತ್ತೊಮ್ಮೆ ಬರುತ್ತದೆ. ಮದ್ದಲೆ ಚೆಂಡೆಗಳು ಅದಕ್ಕೆ ತಕ್ಕಂತೆ ನಡೆಯುತ್ತವೆ. ಕುಣಿತ ಮುಗಿಯುವಾಗ ಮುಕ್ತಾಯವೂ ಸರಿಯಾದ ಪೆಟ್ಟಿಗೆ ಬಂದು ನಿಲ್ಲುತ್ತದೆ. ಪ್ರೇಕ್ಷಕನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಕಣ್ಣು ಕಿವಿಗಳುಳ್ಳ ಮನುಷ್ಯರು ಒಬ್ಬರನ್ನೊಬ್ಬರು ನೋಡುತ್ತ ಮಾಡುವ ಕೆಲಸವಷ್ಟೆ!

ಚಲನಚಿತ್ರದ ಸಂಗೀತಗಾರನಿಗೆ ಈ ಕಷ್ಟವೇ ಇಲ್ಲ. ನಾಯಕನು ಬಾಗಿಲು ತೆರೆಯುವುದು ಯಾವ ಕ್ಷಣದಲ್ಲಿ ಎಂಬುದು ಫಿಲ್ಮಿನ ಮೇಲೆ ಒಮ್ಮೆ ನಿರ್ಧಾರವಾಯಿತೆಂದರೆ ಎಂದೆಂದಿಗೂ ಅದೇ ಕ್ಷಣ. ಆದರೆ ಗಣಕಯಂತ್ರದ ಆಟಗಳ ಸಂಗತಿ ಬೇರೆ. ಅಲ್ಲಿ ಗುಹೆಯ ಬಾಗಿಲ ಮುಂದೆ ನಿಂತವನು ಆಟಗಾರ. ಅವನು ಒಳಗೆ ನುಗ್ಗುವುದು ಮೂರು ಸೆಕೆಂಡುಗಳಲ್ಲಿಯೋ, ಮುಕ್ಕಾಲು ಗಂಟೆಯ ಮೇಲೋ ಹೇಳುವವರಾರು? ನಡುವೆ ಅಡಿಗೆಯ ಮನೆಯಿಂದ ತಾಯಿ ಕರೆದರೆ ಎದ್ದು ಊಟಕ್ಕೂ ಹೋಗಬಹುದು. ಸಂಗೀತವಾದರೋ ತಿಂಗಳುಗಳ ಹಿಂದೆಯೇ ಧ್ವನಿಮುದ್ರಣವಾಗಿ ಮುಗಿದಿದೆ. ವಾದ್ಯಗಾರರು ತಮ್ಮ ತಮ್ಮ ಮನೆಗಳಲ್ಲಿದ್ದಾರೆ. ಇಂಥಲ್ಲಿ ಭಾಗವತರ ಕೆಲಸವನ್ನು ಮಾಡಬೇಕಾದದ್ದು ಯಂತ್ರ. ಆ ಯಂತ್ರಕ್ಕೆ ಪಾಠ ಹೇಳಬೇಕಾದವನು ಆಟದ ಧ್ವನಿಕುಶಲಿ.

ಈ ಪಾಠದ ಇತಿಹಾಸವೇನೂ ಬಹಳ ಹಳೆಯದಲ್ಲ. 1978ರಲ್ಲಿ ಜಪಾನಿನ ಟೈಟೋ ಸಂಸ್ಥೆಗಾಗಿ ಟೊಮೊಹಿರೊ ನಿಶಿಕಾಡೊ ನಿರ್ಮಿಸಿದ 'ಸ್ಪೇಸ್ ಇನ್ವೇಡರ್ಸ್' ಆಟದಲ್ಲಿದ್ದುದು ಇಳಿಯುತ್ತ ಬರುವ ನಾಲ್ಕೇ ಮಂದ್ರಸ್ವರಗಳು. ಶತ್ರುಗಳ ಸಂಖ್ಯೆ ಕಡಿಮೆಯಾದಂತೆ ಅವರ ನಡಿಗೆಯ ವೇಗ ಹೆಚ್ಚುತ್ತಿತ್ತು. ಅದರೊಡನೆ ಆ ನಾಲ್ಕು ಸ್ವರಗಳ ವೇಗವೂ ಹೆಚ್ಚುತ್ತಿತ್ತು. ಆಡುವವನ ಎದೆಬಡಿತವನ್ನು ಏರಿಸಲು ಅಷ್ಟೇ ಸಾಕಾಯಿತು. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದಲ್ಲಿ ಉಳಿದ ಕಾಲವು ನೂರರ ಕೆಳಗೆ ಇಳಿದೊಡನೆ ಕೋಜಿ ಕೊಂಡೊ ರಚಿಸಿದ ರಾಗ ಓಟಕ್ಕೆ ತೊಡಗುತ್ತದೆ. 1991ರಲ್ಲಿ ಅಮೆರಿಕದ ಲೂಕಾಸ್ ಆರ್ಟ್ಸ್ ಸಂಸ್ಥೆಯ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ 'ಐಮ್ಯೂಸ್' ಎಂಬ ವ್ಯವಸ್ಥೆಯನ್ನು 'ಮಂಕಿ ಐಲ್ಯಾಂಡ್' ಆಟದ ಎರಡನೆಯ ಭಾಗದಲ್ಲಿ ಬಳಸಲಾಯಿತು. ಕಡಲ್ಗಳ್ಳರ ಊರಿನಲ್ಲಿ ಆಟಗಾರನು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಂತೆ, ತಾಳ ತಪ್ಪದೆ, ಕೊಂಡಿ ಕಳಚದೆ, ಒಂದು ರಾಗದ ಮಗ್ಗುಲಿಗೆ ಮತ್ತೊಂದು ಬಂದು ಸೇರುತ್ತಿತ್ತು. ಕೇಳಿದವರು ಬೆರಗಾದರು.

ಕಾಲವನ್ನು ರೇಖೆಯಾಗಿ ಎಳೆದರೆ

ಇಂದಿನ ಧ್ವನಿಕುಶಲಿಯ ಮೇಜಿನ ಮೇಲೆ ಕಾಣುವ ದೃಶ್ಯ ಸರಳವಾದದ್ದು. ಗಣಕದ ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದು ಉದ್ದನೆಯ ರೇಖೆ. ಅದು ಕಾಲ, ಅದಕ್ಕೆ ಟೈಮ್‌ಲೈನ್ ಎಂದು ಹೆಸರು. ಅದರ ಕೆಳಗೆ ಒಂದರಡಿ ಒಂದರಂತೆ ಸಾಲುಗಳು, ಅವೇ ಟ್ರ್ಯಾಕುಗಳು. ಒಂದು ಸಾಲಿನಲ್ಲಿ ಪಿಟೀಲು, ಮತ್ತೊಂದರಲ್ಲಿ ನಗಾರಿ, ಇನ್ನೊಂದರಲ್ಲಿ ಗಾಳಿಯ ಸದ್ದು, ಮಗುದೊಂದರಲ್ಲಿ ಕಾವಲುಗಾರನ ಮಾತು. ರೈತನು ಒಂದೇ ಹೊಲದಲ್ಲಿ ರಾಗಿಯ ಸಾಲು, ಅವರೆಯ ಸಾಲು ಎಂದು ಬಿತ್ತುವಂತೆ ಇವನು ಕಾಲದ ಹೊಲದಲ್ಲಿ ಧ್ವನಿಯನ್ನು ಸಾಲುಸಾಲಾಗಿ ಬಿತ್ತುತ್ತಾನೆ.

ಈ ಬಗೆಯ ಚಿತ್ರಣಕ್ಕೂ ಒಂದು ವಂಶವೃಕ್ಷವಿದೆ. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಎಂಬಾತನು ಅಮಿಗಾ ಗಣಕಕ್ಕಾಗಿ ಬರೆದ 'ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್' ಎಂಬ ಸಾಧನದಲ್ಲಿ ಇದ್ದುದು ನಾಲ್ಕೇ ಸಾಲುಗಳು. ಅಲ್ಲಿ ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತಿತ್ತು. ಒಂದು ಪುಟಕ್ಕೆ 64 ಹಂತಗಳು. ಆ ಸಾಧನದಿಂದ ಹುಟ್ಟಿದ ಸಂಗೀತದ ಕಡತಗಳಿಗೆ 'ಮಾಡ್' ಎಂಬ ಹೆಸರು ಬಂತು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಫೈರ್‌ಲೈಟ್ ಟೆಕ್ನಾಲಜೀಸ್ ಸಂಸ್ಥೆಯ 'ಎಫ್‌ಮಾಡ್' 1995ರಲ್ಲಿ ಕಣ್ಣು ತೆರೆದದ್ದು ಇಂಥ ಕಡತಗಳನ್ನು ನುಡಿಸುವ ಸಾಧನವಾಗಿಯೇ. ಅದರ ಹೆಸರಿನಲ್ಲಿ ಆ ನೆನಪು ಇನ್ನೂ ಉಳಿದಿದೆ. ಇಂದು ಎಫ್‌ಮಾಡ್ ಸ್ಟುಡಿಯೊ, ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ವೈಸ್ ಎಂಬ ಎರಡು ತಂತ್ರಾಂಶಗಳು ಆಟಗಳ ಧ್ವನಿಲೋಕದಲ್ಲಿ ಬಹು ಪ್ರಸಿದ್ಧವಾಗಿವೆ. ಧ್ವನಿಯನ್ನು ಕತ್ತರಿಸಿ, ಜೋಡಿಸಿ, ಹದಗೊಳಿಸುವ ಮೊದಲಿನ ಹಂತಕ್ಕೆ ಜಸ್ಟಿನ್ ಫ್ರಾಂಕೆಲ್ ಮತ್ತು ಸಂಗಡಿಗರ 'ರೀಪರ್' ಎಂಬುದನ್ನು ಅನೇಕರು ಆಶ್ರಯಿಸಿದ್ದಾರೆ. ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 2006ರಲ್ಲಿ.

ಎಫ್‌ಮಾಡ್ ಸ್ಟುಡಿಯೊದ ಟೈಮ್‌ಲೈನಿಗೆ ಒಂದು ವಿಶೇಷ ಗುಣವುಂಟು. ಅಲ್ಲಿ ಕಾಲವು ಎಡದಿಂದ ಬಲಕ್ಕೆ ಹರಿದು ಸುಮ್ಮನೆ ಮುಗಿದುಹೋಗುವುದಿಲ್ಲ. ಮಧ್ಯದಲ್ಲಿ ಒಂದು ಆವರ್ತನದ ವಲಯವನ್ನು ಗುರುತಿಸಿದರೆ ಕಾಲವು ಅದರೊಳಗೇ ಸುತ್ತುತ್ತಿರುತ್ತದೆ. ಅಪಾಯ ಬಂದಿತೆಂದು ಆಟವು ತಿಳಿಸಿದ ಕೂಡಲೇ ಮುಂದಿನ ತಾಳದ ಮೊದಲ ಪೆಟ್ಟಿಗೆ ಕಾದು, ಯುದ್ಧದ ಭಾಗಕ್ಕೆ ಹಾರುತ್ತದೆ. ಭಾಗವತರ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗುರುತುಗಳೂ ನಿಬಂಧನೆಗಳೂ ಮಾಡುತ್ತವೆ.

ಆದರೆ ಗುರುತು ಹಾಕಬೇಕಾದವನು ಮನುಷ್ಯ. ಎಷ್ಟು ಗುರುತುಗಳು? ಎಷ್ಟು ಸಾಲುಗಳು? ತೊಂದರೆ ಮೊದಲಾಗುವುದು ಇಲ್ಲಿಯೇ.

288 ಹೆಜ್ಜೆಗಳ ಲೆಕ್ಕ

ಆಟದೊಳಗೆ ಒಬ್ಬ ಮನುಷ್ಯ ನಡೆಯುವ ಸದ್ದು ಬೇಕು ಎಂದಿಟ್ಟುಕೊಳ್ಳಿ. ಇದಕ್ಕಿಂತ ಅಲ್ಪವಾದ ಕೆಲಸ ಯಾವುದಿದೆ? ಆದರೆ ಅವನು ನಡೆಯುವ ನೆಲ ಒಂದೇ ಬಗೆಯದಲ್ಲ: ಮಣ್ಣು, ಹುಲ್ಲು, ಜಲ್ಲಿ, ಮರಳು, ಮರದ ಹಲಗೆ, ಕಲ್ಲು, ಕಬ್ಬಿಣದ ಮೆಟ್ಟಿಲು, ನೀರು. ಅಲ್ಲಿಗೆ ಎಂಟಾಯಿತು. ಅವನು ಮೆಲ್ಲನೆ ಹೆಜ್ಜೆಯಿಡಬಹುದು, ನಡೆಯಬಹುದು, ಓಡಬಹುದು: ಮೂರು. ಬರಿಗಾಲು, ಬೂಟುಗಾಲು: ಎರಡು. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಕಿವಿ ಅದನ್ನು ಕೃತಕವೆಂದು ಹಿಡಿದುಬಿಡುತ್ತದೆ. ಆದುದರಿಂದ ಪ್ರತಿಯೊಂದಕ್ಕೂ ಆರು ಪಾಠಾಂತರಗಳು. ಎಂಟನ್ನು ಮೂರರಿಂದ, ಅದನ್ನು ಎರಡರಿಂದ, ಅದನ್ನು ಆರರಿಂದ ಗುಣಿಸಿದರೆ 288. ಒಬ್ಬ ಮನುಷ್ಯ ನಡೆಯುವುದಕ್ಕೆ ಇನ್ನೂರ ಎಂಬತ್ತೆಂಟು ಧ್ವನಿಖಂಡಗಳು!

ಪ್ರತಿಯೊಂದು ಖಂಡವನ್ನೂ ಸರಿಯಾದ ಟ್ರ್ಯಾಕಿನಲ್ಲಿ ಇಡಬೇಕು. ಆದಿ ಅಂತ್ಯಗಳನ್ನು ಸವರಬೇಕು. 'ಹೆಜ್ಜೆ, ಜಲ್ಲಿ, ಓಟ, ಬೂಟು, ಮೂರು' ಎಂಬ ಕ್ರಮದಲ್ಲಿ ಹೆಸರಿಡಬೇಕು. ಪ್ರತ್ಯೇಕ ಕಡತವಾಗಿ ಹೊರತೆಗೆಯಬೇಕು. ಒಂದಕ್ಕೆ ಒಂದೇ ನಿಮಿಷವೆಂದರೂ ಐದು ಗಂಟೆಗೆ ಹನ್ನೆರಡು ನಿಮಿಷ ಮಾತ್ರ ಕಡಿಮೆ. ಸಂಜೆ ಕೆಲಸ ಮುಗಿಸಿ ಅವನು ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ, "ಹೆಸರಿನಲ್ಲಿ ಪಾದರಕ್ಷೆ ಮೊದಲು ಬರಲಿ, ನೆಲ ಆಮೇಲೆ ಬರಲಿ" ಎಂದು ಆಟದ ಕ್ರಮವಿಧಿಯನ್ನು ಬರೆಯುವವರಿಂದ ಸಂದೇಶ ಬರುತ್ತದೆ. ಮತ್ತೆ ಮೊದಲಿನಿಂದ!

ಇದು ಹೆಜ್ಜೆಯೊಂದರ ಕಥೆ. 2018ರಲ್ಲಿ ಬಿಡುಗಡೆಯಾದ 'ರೆಡ್ ಡೆಡ್ ರಿಡೆಂಪ್ಷನ್ 2' ಎಂಬ ಆಟದಲ್ಲಿ ಐದು ಲಕ್ಷ ಸಂಭಾಷಣೆಯ ತುಣುಕುಗಳಿವೆ ಎಂದು ಅದರ ನಿರ್ಮಾಪಕರು ಹೇಳಿಕೊಂಡರು. ಆ ಸಂಖ್ಯೆಯ ಮುಂದೆ ಕೈಗೆಲಸವೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಇಂಥ ಕೆಲಸದಲ್ಲಿ ಸವೆಯುವುದು ಬರಿಯ ಕಾಲವಲ್ಲ. ನಾಲ್ಕು ಗಂಟೆಗಳ ಕಾಲ ಹೆಸರು ಬರೆದು ದಣಿದ ಮನುಷ್ಯನು ಇನ್ನೂರನೆಯ ಹೆಜ್ಜೆಯನ್ನು ಕೇಳುವುದಿಲ್ಲ, ಕೇಳಿದಂತೆ ಮಾಡುತ್ತಾನೆ. ಜಲ್ಲಿಯ ಸದ್ದಿನಲ್ಲಿ ಎಲ್ಲಿಯೋ ಒಂದು ಚಿಟಿಕೆಯ ದೋಷವಿದ್ದರೆ ಅದು ಹಾಗೆಯೇ ದಾಟಿಹೋಗುತ್ತದೆ. ಧ್ವನಿಕುಶಲಿಗೆ ಸಂಬಳ ಬರುವುದು ಕಿವಿಗಾಗಿ. ಆ ಕಿವಿಯನ್ನೇ ಗುಮಾಸ್ತಗಿರಿಯು ತಿಂದುಹಾಕಿದರೆ ಉಳಿದದ್ದೇನು?

ಈ ದಣಿವಿಗೆ ಪರಿಹಾರವಾಗಿ ಬಂದದ್ದು ಸ್ಕ್ರಿಪ್ಟ್. ಹೆಸರು ಕೇಳಿ ಚಲನಚಿತ್ರದ ಕಥೆಯೆಂದು ಭಾವಿಸಬೇಕಾಗಿಲ್ಲ. ತಂತ್ರಾಂಶಕ್ಕೆ ಬರೆದುಕೊಡುವ ಆಜ್ಞಾಪತ್ರವದು. "ಆಯ್ಕೆ ಮಾಡಿದ ಪ್ರತಿಯೊಂದು ಖಂಡವನ್ನೂ ತೆಗೆದುಕೋ; ಅದರ ಟ್ರ್ಯಾಕಿನ ಹೆಸರನ್ನು ಓದು; ಅದಕ್ಕೆ ಕ್ರಮಸಂಖ್ಯೆಯನ್ನು ಸೇರಿಸು; ಅದನ್ನೇ ಖಂಡದ ಹೆಸರಾಗಿ ಇಡು" ಎಂದು ಒಮ್ಮೆ ಬರೆದಿಟ್ಟರೆ ಐದು ಗಂಟೆಗಳ ಕೆಲಸ ಕಣ್ಣೆವೆ ಇಕ್ಕುವುದರಲ್ಲಿ ಮುಗಿಯುತ್ತದೆ. ಎಫ್‌ಮಾಡ್ ಸ್ಟುಡಿಯೊದಲ್ಲಿ ಇಂಥ ಆಜ್ಞೆಗಳನ್ನು ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯಲ್ಲಿ ಬರೆಯುತ್ತಾರೆ. ಕಡತವನ್ನು ಗೊತ್ತಾದ ಜಾಗದಲ್ಲಿ ಇಟ್ಟರೆ, ಬರೆದವನು ಇಟ್ಟ ಹೆಸರಿನಲ್ಲಿಯೇ ಅದು ತಂತ್ರಾಂಶದ ಪಟ್ಟಿಯಲ್ಲಿ ಬಂದು ಕೂರುತ್ತದೆ. ರೀಪರ್‌ನಲ್ಲಿ ಲುವಾ, ಪೈಥಾನ್, ಈಲ್ ಎಂಬ ಮೂರು ಭಾಷೆಗಳಿಗೆ ಅವಕಾಶವಿದೆ. ವೈಸ್ ತಂತ್ರಾಂಶವು 2017ರಿಂದ ಹೊರಗಿನ ಸಾಧನಗಳೂ ತನ್ನೊಡನೆ ಮಾತನಾಡುವಂತೆ ಬಾಗಿಲನ್ನು ತೆರೆದಿಟ್ಟಿತು. ಹೊಸ ಟ್ರ್ಯಾಕ್ ಸೇರಿಸುವುದು, ಇರುವುದಕ್ಕೆ ಬಣ್ಣ ಬಳಿಯುವುದು, ಗುರುತು ನೆಡುವುದು, ಖಂಡಗಳನ್ನು ಸಮ ಅಂತರದಲ್ಲಿ ಹರಡುವುದು ಎಲ್ಲಕ್ಕೂ ಆಜ್ಞೆಗಳಿವೆ. ಒಬ್ಬನು ಬರೆದದ್ದನ್ನು ಸಾವಿರ ಜನ ಬಳಸುವ ಉದಾರ ಸಂಪ್ರದಾಯವೂ ಬೆಳೆದಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಯಂತ್ರಕ್ಕೆ ಆಜ್ಞೆ ಮಾಡುವುದು ಮನುಷ್ಯನಿಗೆ ಆಜ್ಞೆ ಮಾಡಿದಷ್ಟು ಸುಲಭವಲ್ಲ. "ಆ ಕಡೆ ಸ್ವಲ್ಪ ಚೊಕ್ಕಟ ಮಾಡಪ್ಪ" ಎಂದರೆ ಮನೆಯ ಆಳು ಕಸವನ್ನು ಗುಡಿಸುತ್ತಾನೆ. ದೇವರ ಮುಂದಿನ ದೀಪವನ್ನು ಗುಡಿಸುವುದಿಲ್ಲ. ಯಂತ್ರಕ್ಕೆ ಕಸ ಯಾವುದು, ದೀಪ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು.

ಅಳಿಸುವ ಆಜ್ಞೆ

ಒಂದು ಧ್ವನಿಶಾಲೆಯ ಚಿತ್ರವನ್ನು ವಾಚಕರು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬಹುದು. ಆಟವೊಂದರ ಕೆಲಸ ಕೊನೆಯ ಹಂತಕ್ಕೆ ಬಂದಿದೆ. ರೀಪರ್‌ನ ಟೈಮ್‌ಲೈನಿನಲ್ಲಿ ಮುನ್ನೂರು ಟ್ರ್ಯಾಕುಗಳು ತುಂಬಿಕೊಂಡಿವೆ. ಅರ್ಧಂಬರ್ಧ ಪ್ರಯತ್ನಗಳ ಅವಶೇಷವಾಗಿ ಎಷ್ಟೋ ಸಾಲುಗಳು ಬರಿದಾಗಿ ಬಿದ್ದಿವೆ. ಅವನ್ನು ತೆಗೆದುಹಾಕುವಂತೆ ಹಿರಿಯ ಧ್ವನಿಕುಶಲಿಯು ತರುಣ ಸಹಾಯಕನಿಗೆ ಹೇಳುತ್ತಾರೆ. ಹುಡುಗ ಚುರುಕಾದವನು. ಒಂದೊಂದನ್ನೇ ಕೈಯಿಂದ ಅಳಿಸುವ ಬದಲು ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆಯುತ್ತಾನೆ: "ಮೊದಲ ಟ್ರ್ಯಾಕಿನಿಂದ ಕೊನೆಯ ಟ್ರ್ಯಾಕಿನವರೆಗೆ ನೋಡುತ್ತ ಹೋಗು, ಧ್ವನಿಖಂಡಗಳ ಸಂಖ್ಯೆ ಸೊನ್ನೆಯಾಗಿದ್ದರೆ ಆ ಟ್ರ್ಯಾಕನ್ನು ಅಳಿಸು."

ಒಮ್ಮೆ ನಡೆಸಿದ. ಕೆಲವು ಬರಿದಾದ ಸಾಲುಗಳು ಹೋದವು. ಕೆಲವು ಹಾಗೆಯೇ ಉಳಿದವು. ಮತ್ತೊಮ್ಮೆ ನಡೆಸಿದ. ಇನ್ನೂ ಕೆಲವು ಹೋದವು. ಇದೇನು ವಿಚಿತ್ರ?

ವಿಚಿತ್ರವೇನೂ ಇಲ್ಲ, ಲೆಕ್ಕದ ದೋಷ. ಬೆಂಚಿನ ಮೇಲೆ ಒತ್ತೊತ್ತಾಗಿ ಹತ್ತು ಮಂದಿ ಕುಳಿತಿದ್ದಾರೆ. ಮೇಷ್ಟರು ಮೂರನೆಯವನನ್ನು ಎಬ್ಬಿಸಿ ಕಳುಹಿಸಿದರೆ ನಾಲ್ಕನೆಯವನು ಸರಿದು ಮೂರನೆಯ ಜಾಗಕ್ಕೆ ಬರುತ್ತಾನೆ. ಮೇಷ್ಟರು ಅದನ್ನು ಗಮನಿಸದೆ, "ಇನ್ನು ನಾಲ್ಕನೆಯವನು" ಎಂದು ಮುಂದೆ ಹೋದರೆ ಸರಿದು ಬಂದವನು ಪರೀಕ್ಷೆಯಿಂದ ತಪ್ಪಿಸಿಕೊಂಡಂತೆಯೇ. ಟ್ರ್ಯಾಕುಗಳಿಗೂ ಇದೇ ಗತಿ. ಒಂದನ್ನು ಅಳಿಸಿದೊಡನೆ ಕೆಳಗಿನವುಗಳ ಕ್ರಮಸಂಖ್ಯೆಗಳೆಲ್ಲ ಒಂದೊಂದು ಕಡಿಮೆಯಾಗುತ್ತವೆ. ಆದುದರಿಂದ ಅನುಭವಿಗಳು ಅಳಿಸುವ ಕೆಲಸವನ್ನು ಕೊನೆಯ ಸಾಲಿನಿಂದ ಆರಂಭಿಸಿ ಮೇಲಕ್ಕೆ ಬರುತ್ತಾರೆ. ಹಿಂದಿನಿಂದ ಎಬ್ಬಿಸುತ್ತ ಬಂದರೆ ಮುಂದೆ ಕುಳಿತವರ ಜಾಗ ಬದಲಾಗುವುದಿಲ್ಲವಷ್ಟೆ.

ಹುಡುಗ ಅದನ್ನೂ ಕಲಿತು ತಿದ್ದಿಕೊಂಡ. ಈಗ ಸ್ಕ್ರಿಪ್ಟ್ ಒಂದೇ ಏಟಿಗೆ ಎಲ್ಲ ಬರಿದಾದ ಸಾಲುಗಳನ್ನೂ ತೆಗೆದುಹಾಕಿತು. ಪರದೆ ಚೊಕ್ಕಟವಾಯಿತು. ಹಿರಿಯರು ಬಂದು ಗುಹೆಯ ದೃಶ್ಯವನ್ನು ನುಡಿಸಿ ಕೇಳಿದರು. ಅವರ ಹುಬ್ಬು ಗಂಟಿಕ್ಕಿತು.

"ಗುಹೆಯ ಪ್ರತಿಧ್ವನಿ ಎಲ್ಲಿ ಹೋಯಿತಯ್ಯಾ?"

"ನಾನು ಅದನ್ನು ಮುಟ್ಟಲಿಲ್ಲ, ಸಾರ್. ಬರಿದಾದ ಟ್ರ್ಯಾಕುಗಳನ್ನು ಮಾತ್ರ ಅಳಿಸಿದೆ."

"ಬರಿದು ಎಂದು ನಿನಗೆ ಹೇಳಿದವರಾರು?"

"ಅದರಲ್ಲಿ ಒಂದು ಧ್ವನಿಖಂಡವೂ ಇರಲಿಲ್ಲ, ಸಾರ್."

ಹುಡುಗ ಸುಳ್ಳು ಹೇಳಲಿಲ್ಲ. ಪ್ರತಿಧ್ವನಿಯ ಟ್ರ್ಯಾಕಿನಲ್ಲಿ ಧ್ವನಿಖಂಡ ಇರುವುದೇ ಇಲ್ಲ. ಉಳಿದ ಟ್ರ್ಯಾಕುಗಳು ತಮ್ಮ ಧ್ವನಿಯ ಒಂದು ಪಾಲನ್ನು ಅದಕ್ಕೆ ಕಳುಹಿಸುತ್ತವೆ. ಅದು ಆ ಪಾಲಿಗೆ ಗುಹೆಯ ಮೊಳಗನ್ನು ತುಂಬಿ ಹಿಂದಿರುಗಿಸುತ್ತದೆ. ನೋಡಿದರೆ ಏನೂ ಇಲ್ಲ. ಕೇಳಿದರೆ ಗುಹೆಯೇ ಅದು. ಇನ್ನೊಂದು ಬಗೆಯ ಬರಿದಾದ ಟ್ರ್ಯಾಕೂ ಉಂಟು. ಹತ್ತು ನಗಾರಿಗಳ ಸಾಲುಗಳನ್ನು ಒಟ್ಟುಗೂಡಿಸುವ ಯಜಮಾನ ಟ್ರ್ಯಾಕಿನಲ್ಲಿಯೂ ತನ್ನದೆಂಬ ಧ್ವನಿಯಿಲ್ಲ. ಮಕ್ಕಳೆಲ್ಲರ ಧ್ವನಿ ಅದರ ಮೂಲಕ ಹರಿದು ಹದಗೊಂಡು ಬರುತ್ತದೆ. ಅದು ಹೋದರೆ ನಗಾರಿಗಳೆಲ್ಲ ತಬ್ಬಲಿಗಳು. ಮೂರನೆಯದು ಇನ್ನೂ ಸೂಕ್ಷ್ಮವಾದದ್ದು: ಮುಂದಿನ ವಾರ ಬಂದು ಮಾತನಾಡಬೇಕಾದ ನಟಿಗಾಗಿ ಕಾದಿರಿಸಿದ ಸಾಲು. ಪಂಕ್ತಿಯಲ್ಲಿ ಬಾರದ ಅತಿಥಿಗಾಗಿ ಹಾಕಿದ ಎಲೆಯಂತೆ ಅದು ಖಾಲಿಯಾಗಿದೆ. ಎಲೆಯ ಮೇಲೆ ಅನ್ನವಿಲ್ಲವೆಂದು ಎತ್ತಿಬಿಡುವುದುಂಟೆ?

ಸ್ಕ್ರಿಪ್ಟ್ ತಪ್ಪಿತೇ? ಇಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡಿತು. 'ಬರಿದು' ಎಂಬ ಪದದ ಅರ್ಥವನ್ನು ನಿರ್ಣಯಿಸದೆ ಅದನ್ನು ಬಳಸಿದ್ದೇ ತಪ್ಪು. ವ್ಯಾಕರಣ ಬಲ್ಲವರಿಗೆ ಇದು ಪರಿಚಿತವಾದ ಸಂಕಟ. ಸೂತ್ರವೊಂದನ್ನು ರಚಿಸುವಾಗ ಅದು ಎಲ್ಲಿ ಹತ್ತಬೇಕೋ ಅಲ್ಲಿ ಹತ್ತದಿದ್ದರೆ ಅವ್ಯಾಪ್ತಿ. ಎಲ್ಲಿ ಹತ್ತಬಾರದೋ ಅಲ್ಲಿಯೂ ಹತ್ತಿದರೆ ಅತಿವ್ಯಾಪ್ತಿ. ಹುಡುಗನ ಮೊದಲ ಸ್ಕ್ರಿಪ್ಟಿಗೆ ಇದ್ದದ್ದು ಅವ್ಯಾಪ್ತಿಯ ದೋಷ. ತಿದ್ದಿದ ಸ್ಕ್ರಿಪ್ಟಿಗೆ ಇದ್ದದ್ದು ಅತಿವ್ಯಾಪ್ತಿಯ ದೋಷ. ಎರಡನೆಯದು ಹೆಚ್ಚು ಅಪಾಯಕರ. ಮೊದಲನೆಯದರಲ್ಲಿ ಕಸ ಉಳಿಯಿತು, ಕಣ್ಣಿಗೆ ಬಿತ್ತು. ಎರಡನೆಯದರಲ್ಲಿ ಪರದೆಯ ಮೇಲೆ ಎಲ್ಲವೂ ಅಂದವಾಗಿಯೇ ಕಂಡಿತು.

ಧ್ವನಿಯ ಕೆಲಸದ ವಿಶೇಷವಾದ ಕಷ್ಟವಿದು. ಚಿತ್ರದಲ್ಲಿ ನಾಯಕನ ಕೈ ಮಾಯವಾದರೆ ನೋಡಿದವರೆಲ್ಲರೂ ಕೂಗುತ್ತಾರೆ. ಧ್ವನಿಯಲ್ಲಿ ಮಾಯವಾದದ್ದು ಮೌನವಾಗಿಯೇ ಮಾಯವಾಗುತ್ತದೆ. ಆಟಗಾರನಿಗೆ ಗುಹೆ ಏಕೋ ಗುಹೆಯೆನಿಸುವುದಿಲ್ಲ. ಏಕೆಂದು ಅವನಿಗೂ ಹೇಳಲಾಗದು.

ಅಳಿಸುವ ಆಜ್ಞೆಯಲ್ಲಿ ಮಾತ್ರವೇ ಎಚ್ಚರ ಬೇಕೆನ್ನುವಂತಿಲ್ಲ. ಅಳೆಯುವ ಆಜ್ಞೆಯಲ್ಲಿಯೂ ಇಂಥ ಬಲೆಗಳಿವೆ. 2010ರ 'ರೆಡ್ ಡೆಡ್ ರಿಡೆಂಪ್ಷನ್' ಆಟಕ್ಕಾಗಿ ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ಸಂಗೀತವನ್ನೆಲ್ಲ ನಿಮಿಷಕ್ಕೆ 130 ಪೆಟ್ಟುಗಳ ಒಂದೇ ಲಯದಲ್ಲಿ, ಒಂದೇ ಶ್ರುತಿಯಲ್ಲಿ ಸಿದ್ಧಪಡಿಸಿದರು. ಯಾವ ಪದರವನ್ನು ಯಾವುದರ ಮೇಲೆ ಇಟ್ಟರೂ ಹೊಂದಬೇಕೆಂಬುದು ಉದ್ದೇಶ. ಆ ಲಯದಲ್ಲಿ ಒಂದು ಪೆಟ್ಟಿನ ಕಾಲಾವಧಿ 60ನ್ನು 130ರಿಂದ ಭಾಗಿಸಿದಷ್ಟು, ಅಂದರೆ 0.4615384... ಸೆಕೆಂಡು. ಭಾಗಾಕಾರ ಮುಗಿಯುವುದೇ ಇಲ್ಲ. ಪ್ರತಿ ಪೆಟ್ಟಿಗೂ ಗುರುತು ನೆಡುವ ಸ್ಕ್ರಿಪ್ಟಿನಲ್ಲಿ ಯಾರಾದರೂ ಇದನ್ನು 0.462 ಎಂದು ದುಂಡಗೆ ಮಾಡಿ, ಒಂದರ ಮೇಲೊಂದು ಕೂಡುತ್ತ ಹೋದರೆಂದಿಟ್ಟುಕೊಳ್ಳಿ. ಒಂದು ಪೆಟ್ಟಿನಲ್ಲಿ ತಪ್ಪು ಅರ್ಧ ಮಿಲಿಸೆಕೆಂಡಿಗೂ ಕಡಿಮೆ. ದೇವರ ಕಿವಿಗೂ ಕೇಳಿಸದು. ಆದರೆ 64 ಪೆಟ್ಟುಗಳ ಕೊನೆಗೆ ಸುಮಾರು 30 ಮಿಲಿಸೆಕೆಂಡುಗಳ ಸಾಲ ಕೂಡಿಬಿಟ್ಟಿರುತ್ತದೆ. ಆಗ ಹೊಸ ಪದರದ ನಗಾರಿಯ ಏಟು ಹಳೆಯ ಪದರದ ಏಟಿನ ಬೆನ್ನಿಗೆ 'ಡಡ್' ಎಂದು ಎಡವಿ ಬೀಳುತ್ತದೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿಯ ತಪ್ಪು ದಿನದಿನವೂ ಸೇರಿ ತೊಲವಾದಂತೆ. ಪ್ರತಿಯೊಂದು ಗುರುತನ್ನೂ ಆರಂಭಬಿಂದುವಿನಿಂದಲೇ ಹೊಸದಾಗಿ ಗುಣಿಸಿ ಲೆಕ್ಕಹಾಕಬೇಕು. ದುಂಡಗೆ ಮಾಡುವುದೇ ಆದರೆ ಕಟ್ಟಕಡೆಗೆ ಒಮ್ಮೆ. ಈ ವಿವೇಕವನ್ನೂ ಬರೆಯುವವನೇ ಸ್ಕ್ರಿಪ್ಟಿನಲ್ಲಿ ಇಡಬೇಕು.

ಇಂಥ ಅನುಭವಗಳಿಂದ ಈ ಕಸುಬಿನವರು ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದಾರೆ. ಅಳಿಸುವ ಸ್ಕ್ರಿಪ್ಟ್ ಮೊದಲು ಏನನ್ನು ಅಳಿಸಲಿದೆ ಎಂಬ ಪಟ್ಟಿಯನ್ನು ಮಾತ್ರ ತೋರಿಸಬೇಕು. ಮನುಷ್ಯನು ಓದಿ ಒಪ್ಪಿದ ಮೇಲೆ ಕೈಯಿಡಬೇಕು. ನೂರು ಬದಲಾವಣೆಗಳನ್ನು ಮಾಡುವ ಸ್ಕ್ರಿಪ್ಟ್ ಅವನ್ನೆಲ್ಲ ಒಂದೇ ಗಂಟಾಗಿ ಕಟ್ಟಿಡಬೇಕು. ಹಾಗಾದರೆ ಪಶ್ಚಾತ್ತಾಪವಾದಾಗ ಒಂದೇ ಆಜ್ಞೆಯಿಂದ ಹಿಂದಿನ ಸ್ಥಿತಿಗೆ ಮರಳಬಹುದು. ರೀಪರ್, ವೈಸ್‌ಗಳೆರಡರಲ್ಲಿಯೂ ಇದಕ್ಕೆ ಏರ್ಪಾಡಿದೆ. ಟ್ರ್ಯಾಕುಗಳನ್ನು ಹೆಸರಿನಿಂದ ಹುಡುಕುವುದಕ್ಕಿಂತ ತಂತ್ರಾಂಶವು ಪ್ರತಿಯೊಂದಕ್ಕೂ ಕೊಟ್ಟಿರುವ ಉದ್ದನೆಯ ಗುರುತುಸಂಖ್ಯೆಯಿಂದ ಹಿಡಿಯುವುದು ಕ್ಷೇಮ. ಮದುವೆಯಾದ ಮೇಲೆ ಹೆಸರು ಬದಲಾದರೂ ಮಗಳು ಮಗಳೇ ಆಗಿರುವಂತೆ ಆ ಸಂಖ್ಯೆ ಬದಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ಸ್ಕ್ರಿಪ್ಟಿನ ತಲೆಯ ಮೇಲೆ ಅದು ಏನನ್ನು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂಬುದನ್ನು ನೇರವಾದ ಮಾತಿನಲ್ಲಿ ಬರೆದಿಡಬೇಕು. ಬರೆದವನು ಕೆಲಸ ಬಿಟ್ಟು ಬೇರೆ ಊರಿಗೆ ಹೋದ ಮೇಲೆ ಅದನ್ನು ಓದಬೇಕಾದವರು ಮತ್ತೊಬ್ಬರು.

ಕಲಿಯುವವನ ಪಾಡು

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಯಾವ ತಂತ್ರಾಂಶದ ಕೈಪಿಡಿಯಲ್ಲಿಯೂ ಉತ್ತರವಿಲ್ಲ.

ಹಿಂದೆ ಧ್ವನಿಶಾಲೆಗೆ ಬಂದ ಹೊಸ ಹುಡುಗನಿಗೆ ಮೊದಲು ಕೊಡುತ್ತಿದ್ದುದು ಈ ಗುಮಾಸ್ತಗಿರಿಯನ್ನೇ. ಹೆಜ್ಜೆಗಳನ್ನು ಕತ್ತರಿಸು, ಹೆಸರಿಡು, ಜೋಡಿಸು. ಬೇಸರದ ಕೆಲಸವೇ ಸರಿ. ಆದರೆ ನೂರು ಸಲ ಜಲ್ಲಿಯ ಹೆಜ್ಜೆಯನ್ನು ಕತ್ತರಿಸಿದವನಿಗೆ, ಹಿಮ್ಮಡಿ ಊರಿದ ಮೇಲೆ ಕಲ್ಲುಗಳು ಸರಿದು ನೆಲೆಗೊಳ್ಳಲು ಎಷ್ಟು ಹೊತ್ತು ಬೇಕೆಂಬುದು ಯಾರೂ ಹೇಳದೆ ತಿಳಿಯುತ್ತಿತ್ತು. ಆ ಬಾಲವನ್ನು ಅವಸರದಲ್ಲಿ ಕತ್ತರಿಸಿದರೆ ಜಲ್ಲಿಯು ಮರದ ಹಲಗೆಯಂತೆ ಕೇಳುತ್ತದೆ ಎಂಬುದನ್ನು ಅವನ ಕಿವಿಯೇ ಅವನಿಗೆ ಕಲಿಸುತ್ತಿತ್ತು. ಸಂಗೀತದ ಗುರುಗಳು ಶಿಷ್ಯನಿಂದ ತಂಬೂರಿಯನ್ನು ತಿಂಗಳುಗಟ್ಟಲೆ ಮೀಟಿಸುತ್ತಿದ್ದುದು ತಂಬೂರಿ ಮೀಟಲು ಬೇರೆ ಆಳಿಲ್ಲವೆಂದಲ್ಲವಷ್ಟೆ! ಈಗ ಆ ಬೇಸರವನ್ನು ಸ್ಕ್ರಿಪ್ಟ್ ಹೊತ್ತುಕೊಂಡಿದೆ. ಬೇಸರದ ಜೊತೆಗೆ ಆ ಪಾಠವೂ ಹೊರಟುಹೋದರೆ ಮುಂದಿನ ಹಿರಿಯರು ಎಲ್ಲಿಂದ ಬರಬೇಕು?

ಇದಕ್ಕಾಗಿ ಸ್ಕ್ರಿಪ್ಟನ್ನು ದೂರಮಾಡಬೇಕೆಂದರೆ ಅದು ಅವಿವೇಕ. ಐದು ಲಕ್ಷ ಮಾತುಗಳನ್ನು ಕೈಯಿಂದ ಹೆಸರಿಸಿ ಯಾರೂ ಪಂಡಿತರಾಗುವುದಿಲ್ಲ. ಕೈಬೆರಳು ನೋಯಿಸಿಕೊಳ್ಳುತ್ತಾರೆ, ಅಷ್ಟೆ. ಹತ್ತು ಸಲ ಮಾಡಿದಾಗ ಕಲಿಯುವುದು ಬೇಕಾದಷ್ಟಿದೆ. ಇನ್ನೂರನೆಯ ಸಲದಲ್ಲಿ ಕಲಿಯುವುದು ಏನೂ ಇಲ್ಲ. ವಿವೇಕಿಯಾದ ಹಿರಿಯನು ಮೊದಲ ಹತ್ತನ್ನು ಹುಡುಗನ ಕೈಯಿಂದಲೇ ಮಾಡಿಸುತ್ತಾನೆ. ಆಮೇಲೆ, "ಈಗ ನೀನು ಮಾಡಿದ್ದೇನು ಎಂಬುದನ್ನು ಒಂದೂ ಬಿಡದೆ ಬರೆ" ಎನ್ನುತ್ತಾನೆ. ಬರೆಯಲು ಕುಳಿತಾಗಲೇ ಹುಡುಗನಿಗೆ ತಾನು ಏನನ್ನು ಅರಿತಿದ್ದೇನೆ, ಏನನ್ನು ಅಂದಾಜಿನಿಂದ ಮಾಡುತ್ತಿದ್ದೆ ಎಂಬುದು ಹೊಳೆಯುತ್ತದೆ. ಹೇಳಿಕೊಡಲು ಬರುವುದೆಲ್ಲವೂ ಸ್ಕ್ರಿಪ್ಟಿಗೆ ಹೋಗುತ್ತದೆ. ಎಷ್ಟು ತಡಕಾಡಿದರೂ ಮಾತಿಗೆ ಸಿಕ್ಕದೆ ಉಳಿಯುವ ಒಂದು ಅಂಶವಿರುತ್ತದೆ: ಈ ಹೆಜ್ಜೆ ಸರಿ, ಆ ಹೆಜ್ಜೆ ಸರಿಯಲ್ಲ ಎಂಬ ನಿರ್ಣಯ. ಅದು ಅವನ ಬಳಿಯೇ ಉಳಿಯಬೇಕು.

ಮೇಲಿನ ಕಥೆಯ ಹುಡುಗನೂ ಹಾಗೆಯೇ ಮಾಡಿದನೆಂದು ಭಾವಿಸಿದರೆ ತಪ್ಪಿಲ್ಲ. ಒಂದು ಆಜ್ಞೆಯಿಂದ ಅಳಿಸಿದ್ದನ್ನೆಲ್ಲ ಹಿಂದಕ್ಕೆ ಪಡೆದ. ಈ ಸಲ ಸ್ಕ್ರಿಪ್ಟ್ ಬರೆಯುವ ಮೊದಲು ಮುನ್ನೂರು ಟ್ರ್ಯಾಕುಗಳನ್ನೂ ಒಂದೊಂದಾಗಿ ಮುಚ್ಚಿ ತೆರೆದು ಕೇಳಿದ. ಯಾವ ಬರಿದು ನಿಜವಾಗಿಯೂ ಬರಿದು, ಯಾವುದು ಗುಹೆ, ಯಾವುದು ಯಜಮಾನ, ಯಾವುದು ಬಾರದ ಅತಿಥಿಯ ಎಲೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಂಡ. ಆಮೇಲೆ ಬರೆದ ಸ್ಕ್ರಿಪ್ಟ್ ನಾಲ್ಕು ಸಾಲಿನಿಂದ ಇಪ್ಪತ್ತು ಸಾಲಿಗೆ ಬೆಳೆದಿತ್ತು. ಅದು ಪಟ್ಟಿಯನ್ನು ತೋರಿಸಿ, ಒಪ್ಪಿಗೆಯನ್ನು ಕೇಳಿ ಸುಮ್ಮನೆ ಕಾಯುತ್ತ ನಿಂತಿತು.

ಹುಡುಗ ಪಟ್ಟಿಯನ್ನು ಓದಿದ. ಒಪ್ಪಿಗೆಯ ಗುಂಡಿಯನ್ನು ಒತ್ತುವ ಮೊದಲು ಗುಹೆಯ ದೃಶ್ಯವನ್ನು ಇನ್ನೊಮ್ಮೆ ಕೇಳಿದ.